'ಅಲ್ಕಾಲ್ದೆ'ಗೆ ಕನ್ನಡದಲ್ಲಿ ಏನನ್ನೋಣ?

ಕ್ಯಾಲಿಫೋರ್ನಿಯಾದ ಹಳೇ ಕಾಲದ ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ಸಹಾಯ ಬೇಕು.

ಚಿನ್ನದ ಹುಚ್ಚು ಜೋರಾಗಿದ್ದ 1849ರ ಕೊನೆಯಲ್ಲಿ ಈ ವಕೀಲರು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದರು. ಮರುತಿಂಗಳೇ ಮೇರಿಸ್‌ವಿಲ್ ಅನ್ನೋ ಹೊಸ ಊರಿನ ಜನ ಅವರನ್ನು 'ಅಲ್ಕಾಲ್ದೆ' ಆಗಿ ಆರಿಸಿದರು. ಮೆಕ್ಸಿಕೋದ ಆಳ್ವಿಕೆಯಿಂದ ಉಳಿದುಬಂದಿದ್ದ ಹುದ್ದೆ ಅದು. ಜಮೀನಿನ ಪತ್ರ ಬರೆದಿಡುವುದು, ವ್ಯಾಜ್ಯ ಬಗೆಹರಿಸುವುದು, ಕಳ್ಳರಿಗೆ ಶಿಕ್ಷೆ ಕೊಡುವುದು, ಎಲ್ಲ ಒಬ್ಬರ ಕೈಲಿ. ಊರಲ್ಲಿ ಜೈಲೇ ಇರಲಿಲ್ಲ. ಕಳ್ಳ ಸಿಕ್ಕರೆ ಜನ ನೇಣಿಗೇ ಹಾಕಿಬಿಡುತ್ತಿದ್ದರು. ಅದನ್ನು ತಪ್ಪಿಸೋಕೆ ಛಡಿ ಏಟಿನ ಶಿಕ್ಷೆ ಕೊಟ್ಟೆ ಅಂತ ಫೀಲ್ಡ್ ಆಮೇಲೆ ತಾವೇ ಬರೆದುಕೊಂಡಿದ್ದಾರೆ.

'ಮೇಯರ್' ಅಂದರೆ ಈ ನ್ಯಾಯದ ಕೆಲಸ ಕಾಣುವುದಿಲ್ಲ. 'ನ್ಯಾಯಾಧೀಶ' ಅಂದರೆ ಊರಿನ ಆಡಳಿತ ಬಿಟ್ಟುಹೋಗುತ್ತದೆ. ಸ್ಪ್ಯಾನಿಷ್‌ನ ಈ ಪದ ಬಂದಿರುವುದು ಅರಬ್ಬಿಯ 'ಅಲ್-ಖಾದಿ'ಯಿಂದ. ನಮ್ಮ 'ಖಾಜಿ'ಯೂ ಅಲ್ಲಿಂದಲೇ ಬಂದದ್ದು! ಆದರೆ ಖಾಜಿ ಅಂದ ತಕ್ಷಣ ನಮಗೆ ನೆನಪಾಗುವುದು ನಿಕಾಹ್, ಅಲ್ವಾ?

ನನಗೆ ಜಾಸ್ತಿ ಹಿಡಿಸಿದ್ದು ಹಳೇ ಮೈಸೂರಿನ 'ಅಮಲ್ದಾರ'. ಕಂದಾಯವೂ ಅವರದೇ, ಮ್ಯಾಜಿಸ್ಟ್ರೇಟ್ ಅಧಿಕಾರವೂ ಅವರದೇ. ತೊಡಕೇನೆಂದರೆ ಅಮಲ್ದಾರರನ್ನು ಸರ್ಕಾರ ನೇಮಿಸುತ್ತಿತ್ತು, ಫೀಲ್ಡ್‌ರನ್ನು ಆರಿಸಿದ್ದು ಜನ. ಈ ವ್ಯತ್ಯಾಸ ಸಣ್ಣದಲ್ಲ. 1851ರಲ್ಲಿ ಶಾಸಕರಾಗಿದ್ದಾಗ ಅವರು ಕಾನೂನಿಗೆ ಒಂದು ಮಾತು ಸೇರಿಸಿದರು: ಗಣಿ ಹಕ್ಕಿನ ಮೊಕದ್ದಮೆಗಳಲ್ಲಿ ಗಣಿಗಾರರು ತಾವೇ ಮಾಡಿಕೊಂಡ ಕಟ್ಟುಪಾಡುಗಳನ್ನು ಕೋರ್ಟು ಗಣನೆಗೆ ತೆಗೆದುಕೊಳ್ಳಬೇಕು. ಜನರಿಂದ ಬಂದ ನ್ಯಾಯದ ರುಚಿ ಕಂಡವರಿಗಷ್ಟೇ ಇದು ಹೊಳೆಯುತ್ತದೆ ಅಂತ ನನಗನಿಸುತ್ತದೆ.

ಇನ್ನೊಂದು ಚಿಕ್ಕ ತೊಡಕು. ಫೀಲ್ಡ್ 1857ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿಗೆ ಬಂದರು. 1859ರಲ್ಲಿ ಮುಖ್ಯ ನ್ಯಾಯಮೂರ್ತಿ ಡೇವಿಡ್ ಟೆರ್ರಿ ಪಿಸ್ತೂಲಿನ ದ್ವಂದ್ವಯುದ್ಧಕ್ಕೆಂದು ರಾಜೀನಾಮೆ ಕೊಟ್ಟಾಗ ಆ ಕುರ್ಚಿ ಇವರಿಗೆ ಬಂತು. 1863ರಲ್ಲಿ ಲಿಂಕನ್ ಇವರನ್ನು ದೇಶದ ಸುಪ್ರೀಂ ಕೋರ್ಟಿಗೆ ನೇಮಿಸಿದರು. ಎರಡಕ್ಕೂ 'ಸುಪ್ರೀಂ ಕೋರ್ಟ್' ಅಂದರೆ ನಮ್ಮವರಿಗೆ ಗೊಂದಲ. ಮೊದಲನೆಯದನ್ನು 'ಹೈಕೋರ್ಟ್' ಅನ್ನೋದೂ ಸರಿಯಲ್ಲ. ಸದ್ಯಕ್ಕೆ 'ರಾಜ್ಯದ ಸುಪ್ರೀಂ ಕೋರ್ಟ್' ಅಂತಲೇ ಬರೆದಿದ್ದೇನೆ.

'ಅಲ್ಕಾಲ್ದೆ' ಮಾತ್ರ ಇನ್ನೂ ಬಾಕಿ. ಧಾರವಾಡದ ಕಡೆಯ 'ಮಾಮಲೇದಾರ' ಕೂಡ ಸರ್ಕಾರ ನೇಮಿಸಿದವರೇ. ಊರವರೇ ಆರಿಸಿ, ಆಡಳಿತ ಮತ್ತು ನ್ಯಾಯ ಎರಡನ್ನೂ ಒಪ್ಪಿಸಿದ ವ್ಯಕ್ತಿಗೆ ನಿಮ್ಮ ಕಡೆ ಯಾವ ಹೆಸರಿತ್ತು? ಬಳಕೆಯ ಉದಾಹರಣೆ ಇದ್ದರೆ ಅದನ್ನೂ ಬರೆಯಿರಿ.