ಪದಚರ್ಚೆ: ಕುದುರೆಯ ‘ಕ್ರಾನಿಕ್ ಲ್ಯಾಮಿನೈಟಿಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮೈಸೂರಿನಲ್ಲಿ ಟಾಂಗಾ ಓಡಿಸುವವರಿಗಾಗಿ ಕುದುರೆಯ ಗೊರಸಿನ ನೋವಿನ ಬಗ್ಗೆ ಒಂದು ಪುಟ್ಟ ಕೈಪಿಡಿ ಸಿದ್ಧವಾಗುತ್ತಿದೆ. ಬರೆದವರು ಪಶುವೈದ್ಯರು, ಭಾಷೆ ತಿದ್ದುವ ಕೆಲಸ ನನ್ನದು. ಗೊರಸು, ಲಾಳ, ಹಿಮ್ಮಡಿ ಇವೆಲ್ಲ ಓದುವವರಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಸಿಕ್ಕಿಕೊಂಡಿರುವುದು ‘ಕ್ರಾನಿಕ್ ಲ್ಯಾಮಿನೈಟಿಸ್’ನಲ್ಲಿ.

ವೈದ್ಯರು ಇದನ್ನು ‘ದೀರ್ಘಕಾಲದ ಗೊರಸಿನ ಉರಿಯೂತ’ ಎಂದು ಬರೆದಿದ್ದಾರೆ. ಬೇರೆ ಕಾಯಿಲೆಗಳಲ್ಲಿ ಕ್ರಾನಿಕ್ ಅಂದರೆ ‘ದೀರ್ಘಕಾಲದ’ ಅನ್ನುವುದು ಸರಿ. ಇಲ್ಲಿ ಮಾತ್ರ ಕ್ರಾನಿಕ್ ಅನ್ನುವುದು ಕಾಲದ ಲೆಕ್ಕವೇ ಅಲ್ಲ. ಗೊರಸಿನೊಳಗಿನ ಮೂಳೆಗೂ ಹೊರಗಿನ ಗೋಡೆಗೂ ನಡುವೆ ನೂರಾರು ತೆಳು ಪದರಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಅಣಬೆಯ ಕೊಡೆಯ ಅಡಿಯಲ್ಲಿರುವ ಗೆರೆಗಳ ಹಾಗೆ. ಕುದುರೆಯ ಭಾರ ನಿಂತಿರುವುದೇ ಈ ಹೆಣಿಗೆಯ ಮೇಲೆ. ಹೆಣಿಗೆ ಸಡಿಲವಾದರೆ ಹಿಂದಿನಿಂದ ನರ ಎಳೆಯುತ್ತದೆ (ಸ್ನಾಯುರಜ್ಜು ಅನ್ನಬೇಕು, ಆದರೆ ಕುದುರೆಯವರು ಹಾಗನ್ನುವುದಿಲ್ಲ), ಮೂಳೆಯ ತುದಿ ಕೆಳಕ್ಕೆ ತಿರುಗುತ್ತದೆ. ಒಮ್ಮೊಮ್ಮೆ ಮೂಳೆ ಹಾಗೇ ಕುಸಿಯುತ್ತದೆ. ಮೂಳೆ ಜಾಗ ಬಿಟ್ಟಿತು ಅಂದರೆ ಅದು ಕ್ರಾನಿಕ್. ಎರಡು ಮೂರು ದಿನದಲ್ಲೇ ಆ ಹಂತ ಬಂದುಬಿಡಬಹುದು.

‘ದೀರ್ಘಕಾಲದ’ ಎಂದು ಓದಿದವನು ಏನಂದುಕೊಳ್ಳುತ್ತಾನೆ? ‘ನಮ್ಮ ಕುದುರೆಗೆ ಮೊನ್ನೆ ತಾನೇ ನೋವು ಶುರುವಾಗಿದೆ, ಇದು ನಮಗಲ್ಲ’ ಅಂತ, ಅಲ್ವಾ? ಗಾಡಿಗೆ ಕಟ್ಟುತ್ತಾನೆ, ಶಕ್ತಿ ಬರಲಿ ಎಂದು ಬೆಲ್ಲ, ಕಾಳು ಜಾಸ್ತಿ ಹಾಕುತ್ತಾನೆ. ಈ ಕಾಯಿಲೆಯಲ್ಲಿ ಮೊದಲು ನಿಲ್ಲಿಸಬೇಕಾದದ್ದೇ ಇವೆರಡು. ಹಾಗಾಗಿ ‘ಮೂಳೆ ಸರಿದ ಹಂತ’ ಎಂದು ಬರೆದರೆ ಒಳ್ಳೆಯದು ಅಂತ ನನಗನಿಸುತ್ತದೆ. ವೈದ್ಯರಿಗೆ ಇದು ತೀರಾ ಒರಟು ಅನಿಸಿದೆ.

‘ಗೊರಸು ರೋಗ’ ಎಂಬ ಸಲಹೆಯೂ ಬಂದಿತ್ತು. ನನಗೆ ಒಪ್ಪಿಗೆಯಿಲ್ಲ. ಗೊರಸಿನ ರೋಗ ಅಂದ ಕೂಡಲೇ ನಮ್ಮ ಜನರ ತಲೆಗೆ ಬರುವುದು ದನಗಳ ಕಾಲುಬಾಯಿ ಜ್ವರ. ಅದು ಸೀಳು ಗೊರಸಿನ ಪ್ರಾಣಿಗಳಿಗೆ ಬರುತ್ತದೆ, ಕುದುರೆಗೆ ಬರುವುದೇ ಇಲ್ಲ.

ಇನ್ನು ‘ಕುಂಟು’ ಎಂಬ ಪದ. ಒಂದೇ ಮುಂಗಾಲು ನೋಯುತ್ತಿದ್ದರೆ ಕುದುರೆ ತಲೆ ಆಡಿಸುತ್ತದೆ: ನೋಯುವ ಕಾಲು ಊರಿದಾಗ ತಲೆ ಮೇಲೆ, ಚೆನ್ನಾಗಿರುವ ಕಾಲು ಊರಿದಾಗ ಕೆಳಗೆ. ಎರಡೂ ನೋಯುತ್ತಿದ್ದರೆ ಅದು ಕಾಣುವುದೇ ಇಲ್ಲ. ನ್ಯಾವಿಕ್ಯುಲರ್ ಎಂಬ ಕಾಯಿಲೆಯಲ್ಲಿ ಸಾಮಾನ್ಯವಾಗಿ ಆಗುವುದು ಹೀಗೇ. ಗೊರಸಿನ ಹಿಂಭಾಗದ ಒಂದು ಚಿಕ್ಕ ಮೂಳೆಯ ಸುತ್ತ ನಿಧಾನವಾಗಿ ನೋವು ಬೆಳೆಯುತ್ತದೆ. ಕುದುರೆ ಹಿಮ್ಮಡಿ ಊರಲು ಹೆದರಿ ಗೊರಸಿನ ತುದಿಯನ್ನೇ ಮೊದಲು ಊರುತ್ತದೆ, ಗಿಡ್ಡ ಹೆಜ್ಜೆ ಹಾಕುತ್ತದೆ, ಮುಗ್ಗರಿಸುತ್ತದೆ. ಯಜಮಾನರನ್ನು ಕೇಳಿದರೆ ‘ಕುಂಟ್ತಿಲ್ಲ ಸಾರ್, ಸುಮ್ನೆ ಸೋಮಾರಿತನ’ ಅನ್ನುತ್ತಾರೆ. ‘ದೀರ್ಘಕಾಲದ’ ಅನ್ನುವುದು ನಿಜಕ್ಕೂ ಒಪ್ಪುವುದು ಈ ಕಾಯಿಲೆಗೆ. ಒಪ್ಪದಿರುವುದು ‘ಕುಂಟು’.

ಕೊನೆಯ ಅಧ್ಯಾಯದ ಹೆಸರು ‘ನಿರ್ವಹಣೆ’ ಎಂದಿತ್ತು. ಕಚೇರಿ ಮಾತು. ‘ನೋಡಿಕೊಳ್ಳುವುದು ಹೇಗೆ’ ಎಂದು ಬದಲಿಸಿದ್ದೇನೆ. ಒಳಗಿರುವುದೂ ದಿನದಿನದ ಕೆಲಸವೇ: ಲ್ಯಾಮಿನೈಟಿಸ್ ಬಂದ ಕುದುರೆಗೆ ಹಾಕುವ ಒಣಹುಲ್ಲನ್ನು ಅರ್ಧ ಗಂಟೆಯಿಂದ ಒಂದು ಗಂಟೆ ನೀರಲ್ಲಿ ನೆನೆಸಿ, ಸಕ್ಕರೆ ಇಳಿದ ಆ ನೀರನ್ನು ಚೆಲ್ಲುವುದು, ಎಕ್ಸ್-ರೇ ನೋಡಿಕೊಂಡು 4ರಿಂದ 6 ವಾರಕ್ಕೊಮ್ಮೆ ಗೊರಸು ಕೆತ್ತಿಸಿ, ಮುಂದಿನ ತುದಿ ಉದ್ದವಾಗದಂತೆ ನೋಡಿಕೊಳ್ಳುವುದು. ಗೊರಸು ತಿಂಗಳಿಗೆ ಬೆಳೆಯುವುದು 6ರಿಂದ 10 ಮಿಲಿಮೀಟರ್ ಮಾತ್ರ. ಮೇಲಿನಿಂದ ತುದಿಯವರೆಗೆ ಹೊಸ ಗೋಡೆ ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು.

ಈಗ ನನ್ನ ಪ್ರಶ್ನೆಗಳು. ಲಾಳ ಕಟ್ಟುವವರು ಈ ಮೂಳೆ ಸರಿಯುವ ಕಾಯಿಲೆಗೆ ಏನನ್ನುತ್ತಾರೆ? ವಿಜಯಪುರದ ಟಾಂಗಾದವರ ಬಾಯಲ್ಲಿ, ಕುಣಿಗಲ್ ಸ್ಟಡ್ ಫಾರ್ಮ್ ಕಡೆಯ ಹಳಬರಲ್ಲಿ ಬೇರೆ ಮಾತಿದೆಯಾ? ಎರಡೂ ಮುಂಗಾಲು ನೋಯುವಾಗಿನ ಆ ಗಿಡ್ಡ ಹೆಜ್ಜೆಗೆ ಒಂದೇ ಪದ ಇದ್ದರೆ ಅದನ್ನೂ ತಿಳಿಸಿ. ಉರ್ದು ಮಾತಾದರೂ ಪರವಾಗಿಲ್ಲ, ಈ ಕಸುಬಿನಲ್ಲಿ ಅರ್ಧ ಮಾತು ಅದೇ ತಾನೇ.