ಆತಂಕದ ಮಾತ್ರೆ: 10 ಮಿಲಿಗ್ರಾಂ ಸಾಲುತ್ತಿಲ್ಲವೇ, ಅಥವಾ ನಾನೇ ಅವಸರಪಡುತ್ತಿದ್ದೇನೆಯೇ?

ಪ್ರಶ್ನೆ (ಬೇಲೂರಿನಿಂದ)

ನನಗೆ 41 ವರ್ಷ. ಕಾರಣವಿಲ್ಲದೆ ಗಾಬರಿಯಾಗುವುದು, ಎದೆ ಡವಗುಟ್ಟುವುದು, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತದಿರುವುದು ಎರಡು ವರ್ಷಗಳಿಂದ ಇದೆ. ಹಾಸನದ ಮನೋವೈದ್ಯರೊಬ್ಬರು ಥೈರಾಯ್ಡ್ ಪರೀಕ್ಷೆ, ಇಸಿಜಿ ಎರಡನ್ನೂ ಮಾಡಿಸಿ, ತೊಂದರೆಯಿಲ್ಲವೆಂದು ಕಂಡುಕೊಂಡ ಮೇಲೆ ಎಸಿಟಾಲೊಪ್ರಾಮ್ ಬರೆದುಕೊಟ್ಟರು. ಮೊದಲ ವಾರ 5 ಮಿ.ಗ್ರಾಂ, ಅನಂತರ 10 ಮಿ.ಗ್ರಾಂ, ಜೊತೆಗೆ ಎರಡು ವಾರಕ್ಕೆ ಮಾತ್ರ ರಾತ್ರಿ 0.25 ಮಿ.ಗ್ರಾಂ ಕ್ಲೋನಾಜೆಪಾಮ್ ಎಂಬ ಗಾಬರಿ ತಗ್ಗಿಸುವ ಮಾತ್ರೆ. ಮೂರು ವಾರ ಕಳೆದರೂ ಬೆಳಗಿನ ನಡುಕ ಹೋಗಿಲ್ಲ. ಇದೇ ಮಾತ್ರೆಯನ್ನು 20 ಮಿ.ಗ್ರಾಂ ತೆಗೆದುಕೊಳ್ಳುವ ನಮ್ಮ ಭಾವನವರು, "ನೀನೂ ಎರಡು ನುಂಗಿ ನೋಡು" ಎನ್ನುತ್ತಾರೆ. ಮುಂದಿನ ಭೇಟಿಗೆ ಹದಿನೈದು ದಿನವಿದೆ. ಹೆಚ್ಚಿಸಿಕೊಳ್ಳಬಹುದೇ?

ಉತ್ತರ 1 (ಸಕಲೇಶಪುರ, ಔಷಧಿ ಅಂಗಡಿ)

ನೀವಾಗಿಯೇ ಹೆಚ್ಚಿಸಿಕೊಳ್ಳಬೇಡಿ. ಈ ಬಗೆಯ ಮಾತ್ರೆಗಳು ಹಿಡಿಯುವುದಕ್ಕೆ ನಾಲ್ಕರಿಂದ ಆರು ವಾರ ಬೇಕಾಗುವುದು ಸಾಮಾನ್ಯ. ಆರಂಭದ ದಿನಗಳಲ್ಲಿ ಗಾಬರಿ ತುಸು ಹೆಚ್ಚಾಗುವುದೂ ಉಂಟು, ಅದಕ್ಕೆಂದೇ 5ರಿಂದ ಶುರು ಮಾಡುತ್ತಾರೆ. ನಿಮ್ಮ ಕ್ಲೋನಾಜೆಪಾಮ್ ಈಗಷ್ಟೇ ನಿಂತಿರುವುದರಿಂದ, ಅದು ಮುಚ್ಚಿಟ್ಟಿದ್ದ ನಡುಕ ಕಾಣಿಸಿಕೊಂಡಿರಲೂಬಹುದು. ಅದನ್ನು ಅಂಗಡಿಯಲ್ಲಿ ಕೇಳಿ ಮುಂದುವರಿಸಬೇಡಿ, ಅಭ್ಯಾಸ ಹಿಡಿಸುವ ಮಾತ್ರೆಯದು. ಇನ್ನೊಂದು ಪ್ರಶ್ನೆ: ಗ್ಯಾಸ್ಟ್ರಿಕ್‌ಗೆಂದು ಓಮೆಪ್ರಜೋಲ್ ತೆಗೆದುಕೊಳ್ಳುತ್ತೀರಾ? ಅದು ರಕ್ತದಲ್ಲಿ ಎಸಿಟಾಲೊಪ್ರಾಮ್‌ನ ಮಟ್ಟವನ್ನು ಏರಿಸುತ್ತದೆ. ಹಾಗಿದ್ದರೆ ನಿಮ್ಮ 10, ಓಮೆಪ್ರಜೋಲ್ ತೆಗೆದುಕೊಳ್ಳದವರ 10ಕ್ಕೆ ಸಮವಲ್ಲ.

ಉತ್ತರ 2 (ಚಿಕ್ಕಮಗಳೂರು)

ನನ್ನದು ಇದೇ ಬಗೆಯ ಇನ್ನೊಂದು ಮಾತ್ರೆ, ಸರ್ಟ್ರಾಲೀನ್, 25ರಿಂದ ಹೊರಟು, ತಿಂಗಳುಗಟ್ಟಲೆ ಏರಿಸುತ್ತಾ ಬಂದು 100 ಮಿ.ಗ್ರಾಂನಲ್ಲಿ ನಿಂತಿತು. ಎಸಿಟಾಲೊಪ್ರಾಮ್‌ನ ದಿನದ ಮಿತಿ 20, ಇದರದ್ದು 200. ಆದ್ದರಿಂದ ಅಂಕಿ ದೊಡ್ಡದಾದ ಮಾತ್ರಕ್ಕೆ ಔಷಧ ಗಟ್ಟಿಯೆಂದು ಭಾವಿಸಬಾರದು. ನನಗೆ ನೆರವಾದದ್ದು ಒಂದು ಹಳೆಯ ನೋಟ್‌ಬುಕ್. ನಿದ್ದೆ ಎಷ್ಟು ಗಂಟೆ, ಗಾಬರಿ ಎಷ್ಟು ಸಲ, ಕಾಫಿ ಎಷ್ಟು ಲೋಟ ಎಂದು ಪ್ರತಿದಿನ ಬರೆದಿಟ್ಟೆ. ವೈದ್ಯರು ಮೊದಲು ನೋಡಿದ್ದು ಕಾಫಿಯ ಸಾಲನ್ನೇ! ಮನೆಯ ತೋಟದ ರೊಬಸ್ಟಾ, ಚಿಕೋರಿ ಬೆರೆಸದ ಪುಡಿ, ದಿನಕ್ಕೆ ಆರು ಲೋಟ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ ಎಂಬುದು ಕಾಫಿ ಬೆಳೆಯುವ ನನಗೇ ತಿಳಿದಿದ್ದ ಸಂಗತಿ. ಆದರೂ ಬೆಳಗಿನ ನಡುಕವನ್ನು ಅದಕ್ಕೆ ಜೋಡಿಸಿರಲಿಲ್ಲ. ನಿಧಾನವಾಗಿ ಎರಡು ಲೋಟಕ್ಕೆ ಇಳಿಸಿದ ಮೇಲೆಯೇ ಯಾವುದು ಕಾಯಿಲೆ, ಯಾವುದು ಕಾಫಿ ಎಂಬುದು ಬೇರೆಯಾಗಿ ಕಂಡಿತು.

ಉತ್ತರ 3 (ಹಾಸನ)

ಕಾಯಬೇಕೆಂಬ ಮಾತು ಸರಿಯೇ, ಆದರೆ ಎಲ್ಲಕ್ಕೂ ಅನ್ವಯಿಸುವುದಿಲ್ಲ. ಕುಳಿತಲ್ಲಿ ಕುಳಿತಿರಲಾಗದಷ್ಟು ಚಡಪಡಿಕೆಯಿದ್ದರೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಸಾಯುವ ಯೋಚನೆ ಬಂದರೆ ಮನೆಯವರಿಗೆ ತಿಳಿಸಿ, ಹತ್ತಿರದ ಆಸ್ಪತ್ರೆಗೆ ತಕ್ಷಣ ಹೋಗಿ. 14416 ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಅಂತಹ ಯೋಚನೆಗಳೇನೂ ಇಲ್ಲ. ಓಮೆಪ್ರಜೋಲ್ ಮಾತ್ರ ವರ್ಷದಿಂದ ದಿನವೂ ನುಂಗುತ್ತಿದ್ದೆ. ವೈದ್ಯರು ಕೇಳಿದಾಗ ಅದೂ ಒಂದು ಔಷಧವೆಂದು ನನಗೆ ಹೊಳೆದೇ ಇರಲಿಲ್ಲ. ಇಂದು ಫೋನ್ ಮಾಡಿ ತಿಳಿಸಿದೆ. ಅದರ ಬದಲು ಪ್ಯಾಂಟೊಪ್ರಜೋಲ್ ಹೇಳಿದರು. ಆರು ವಾರ ತುಂಬುವವರೆಗೆ 10ರಲ್ಲೇ ಇದ್ದು ನೋಡೋಣವೆಂದರು. ಕಾಫಿ ನಾಲ್ಕು ಲೋಟವಿದೆ, ನಾಳೆಯಿಂದ ಮೂರು.