ಪದಚರ್ಚೆ: ಪೆಟ್ಟು ಬಿದ್ದು ನೀಲಿಗಟ್ಟುವುದಕ್ಕೆ ಕನ್ನಡದಲ್ಲಿ ಏನೆಂದು ಬರೆಯಲಿ? ನಾಳೆ ಬೆಳಿಗ್ಗೆಯೊಳಗೆ ಬೇಕು

ಹನುಮಂತನಗರದಿಂದ, ಮಂಗಳವಾರ ಸಂಜೆ

ಬಳಗದ ಹಿರಿಯರಿಗೆ ನಮಸ್ಕಾರ. ನಮ್ಮ ಬಡಾವಣೆಯ ಮೈದಾನದಲ್ಲಿ ಸಂಜೆ ಮಕ್ಕಳಿಗೆ ಕಬಡ್ಡಿ ಕಲಿಸುತ್ತಾರೆ. ಅಲ್ಲಿಗೊಂದು ಪ್ರಥಮ ಚಿಕಿತ್ಸೆಯ ಫಲಕ ಬರೆಸುತ್ತಿದ್ದೇವೆ. ಇಂಗ್ಲಿಷಿನಲ್ಲಿರುವುದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೊಯ್ದ ಗಾಯ, ತರಚು ಗಾಯ, ಉಳುಕು, ಮೂಗಿನಿಂದ ರಕ್ತ, ಈ ನಾಲ್ಕು ಸಾಲು ಮುಗಿದವು. ಐದನೆಯದು ‘ಬ್ರೂಯಿಸ್’, ಅದರ ಪಕ್ಕದಲ್ಲೇ ‘ಮಸಲ್ ಕಂಟ್ಯೂಷನ್’, ಅಂದರೆ ಸ್ನಾಯುವಿಗೆ ಆದ ಅದೇ ಬಗೆಯ ಪೆಟ್ಟು. ಚರ್ಮ ಹರಿದಿರುವುದಿಲ್ಲ, ಒಳಗಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಅಲ್ಲಿಯೇ ನಿಂತಿರುತ್ತದೆ. ಇಷ್ಟನ್ನೂ ಹೇಳುವ ಪದ ಹೊಳೆಯುತ್ತಿಲ್ಲ. ಮನೆಯಲ್ಲಿ ‘ಒಳಪೆಟ್ಟು’ ಎನ್ನುತ್ತೇವೆ, ಆದರೆ ಅದನ್ನು ಬರೆಯಲು ಹೆದರಿಕೆ. ಫಲಕ ಬರೆಯುವವರು ನಾಳೆ 10 ಗಂಟೆಗೆ ಬರುತ್ತಾರೆ.

ಇನ್ನೊಂದು ತೊಡಕು. ಇಂಗ್ಲಿಷಿನಲ್ಲಿ ‘ರೈಸ್’ ಎಂಬ ಸೂತ್ರವಿದೆ: ರೆಸ್ಟ್ (ವಿಶ್ರಾಂತಿ), ಐಸ್, ಕಂಪ್ರೆಷನ್ (ಪಟ್ಟಿ ಸುತ್ತುವುದು), ಎಲಿವೇಷನ್ (ಎತ್ತರಿಸಿ ಇಡುವುದು). ಇದಕ್ಕೆ ಕನ್ನಡದಲ್ಲಿ ಮೊದಲಕ್ಷರ ಹೊಂದಿಸಲು ಮೂರು ದಿನ ಒದ್ದಾಡಿ ಸೋತಿದ್ದೇನೆ.

ಮಲ್ಲೇಶ್ವರದಿಂದ

ಮೂಗೇಟು. ಪದ ಇರುವಾಗ ಚರ್ಚೆ ಏಕೆ?

ತ್ಯಾಗರಾಜನಗರದಿಂದ

‘ಬಾಸುಂಡೆ’ ಆಗುವುದಿಲ್ಲವೇ? ಎಲ್ಲರಿಗೂ ಗೊತ್ತಿರುವ ಪದ.

ಮಲ್ಲೇಶ್ವರದಿಂದ

ಆಗುವುದಿಲ್ಲ. ಬಾಸುಂಡೆ ಬೆತ್ತದ ಏಟಿಗೆ ಏಳುವ ಗೆರೆ. ಮಕ್ಕಳ ಮೈದಾನದ ಫಲಕದಲ್ಲಿ ಆ ಪದ ಕಂಡರೆ ತಾಯಂದಿರು ಏನೆಂದುಕೊಂಡಾರು?

ಹನುಮಂತನಗರದಿಂದ

ಮಲ್ಲೇಶ್ವರದ ಸರ್, ಮೂಗೇಟು ನನಗೂ ಇಷ್ಟದ ಪದ. ಆದರೆ ಅದರ ಮೇಲಿನ ಸಾಲಿನಲ್ಲಿಯೇ ‘ಮೂಗಿನಿಂದ ರಕ್ತ’ ಎಂದಿದೆ. ಪಿಯುಸಿ ಓದುವ ನನ್ನ ಮಗಳಿಗೆ ತೋರಿಸಿದೆ. ಮೂಗಿಗೆ ಬಿದ್ದ ಏಟು ಎಂದೇ ಓದಿದಳು.

ಮಲ್ಲೇಶ್ವರದಿಂದ

ತಪ್ಪು ಓದಿದರೆ ಪದದ ದೋಷವಲ್ಲ. ಮೂಗ ಮತ್ತು ಏಟು ಸೇರಿ ಮೂಗೇಟು. ಮೂಗ ಎಂದರೆ ಮಾತು ಬಾರದವನು. ಬಾಯಿ ಬಿಡದ ಏಟು, ರಕ್ತ ಹೊರಗೆ ತೋರದ ಏಟು. ಮರಾಠಿಯವರು ‘ಮುಕಾ ಮಾರ್’ ಎನ್ನುವುದೂ ಇದೇ ಕಲ್ಪನೆಯಿಂದ. ಇಷ್ಟು ಸೊಗಸಾದ ಪದವನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿ ಓದಬಹುದು ಎಂಬ ಕಾರಣಕ್ಕೆ ಕೈಬಿಡುವುದಾದರೆ ಕನ್ನಡದ ಅರ್ಧ ಸಮಾಸಗಳನ್ನು ಕೈಬಿಡಬೇಕಾಗುತ್ತದೆ.

ರಾಜಾಜಿನಗರದಿಂದ

ಮೂಗ ಸಂಸ್ಕೃತದ ಮೂಕ. ಎರವಲು. ನಮ್ಮದೇ ಪದ ‘ಕಂದು’ ಇರುವಾಗ ಅದು ಏಕೆ ಬೇಕು?

ಕಂದು ಎಂದರೆ ಇಂದು ಬಣ್ಣದ ಹೆಸರು ಮಾತ್ರ ನೆನಪಾಗುತ್ತದೆ. ಮೊದಲು ಅದು ಕ್ರಿಯಾಪದ. ಬಿಸಿಲಿಗೆ ಮುಖ ಕಂದುತ್ತದೆ, ಮುಟ್ಟಿದರೆ ಹೂವು ಕಂದುತ್ತದೆ, ಪೆಟ್ಟಿಗೆ ಚರ್ಮ ಕಂದುತ್ತದೆ. ತಮಿಳಿನಲ್ಲಿ ಇದೇ ಧಾತು ‘ಕನ್ಱು’. ತಮಿಳಿನ ನ್ಱ ಇರುವಲ್ಲಿ ನಮ್ಮಲ್ಲಿ ಂದ ಇರುವುದನ್ನು ಈ ಬಳಗಕ್ಕೆ ವಿವರಿಸಬೇಕಾಗಿಲ್ಲ: ಅವರ ಒನ್ಱು ನಮ್ಮ ಒಂದು, ಕೊನ್ಱು ನಮ್ಮ ಕೊಂದು, ನಿನ್ಱು ನಮ್ಮ ಹಳೆಯ ನಿಂದು (ಇಂದಿನ ನಿಂತು). ಹಲಸೂರಿನಲ್ಲಿ ಯಾವ ತಮಿಳು ಅಜ್ಜಿಯನ್ನು ಕೇಳಿದರೂ ಪೆಟ್ಟು ಬಿದ್ದ ಜಾಗ ‘ಕನ್ಱಿ’ ಹೋಗಿದೆ ಎನ್ನುತ್ತಾರೆ. ಅವರ ವೈದ್ಯಕೀಯ ಬರಹದಲ್ಲಿಯೂ ‘ಕನ್ಱಿಯ ಕಾಯಂ’ ಎಂದೇ ಇದೆ. ಅವರು ಉಳಿಸಿಕೊಂಡ ಅರ್ಥವನ್ನು ನಾವು ಬಣ್ಣದ ಡಬ್ಬಿಗೆ ಬಿಟ್ಟುಕೊಟ್ಟೆವು.

‘ಕಂದೇಟು’ ಎಂದು ಬರೆಯಿರಿ. ‘ಗಾಯ’ ಸೇರಿಸಬೇಡಿ. ಅದು ಘಾತ ಎಂಬುದು ಪ್ರಾಕೃತದ ದಾರಿಯಲ್ಲಿ ಸವೆದು ಬಂದದ್ದು. ನಮ್ಮ ಪದ ‘ಪುಣ್’. ಅದು ಹುಣ್ಣಾಗಿ ಬೇರೆ ಅರ್ಥಕ್ಕೆ ಸರಿದದ್ದು ನಮ್ಮ ದುರದೃಷ್ಟ.

ಮಲ್ಲೇಶ್ವರದಿಂದ

ಮೂಕ ಮೂಗವಾಗಿ ಶತಮಾನಗಳೇ ಕಳೆದಿವೆ. ತತ್ಸಮ ಬೇಡವೆಂದು ಹಟ ಹಿಡಿದು ಕಾವ್ಯ ಬರೆದ ಆಂಡಯ್ಯನೇ ತದ್ಭವಗಳನ್ನು ಬೇಡವೆನ್ನಲಿಲ್ಲ. ಆಗಸವನ್ನು ಆಕಾಶಕ್ಕೆ ಹಿಂತಿರುಗಿಸುತ್ತೀರಾ? ‘ಕಂದೇಟು’ ಎಂಬುದನ್ನು ತಾವು ಇಂದು ಸಂಜೆ ಹುಟ್ಟಿಸಿದ್ದೀರಿ. ಅದು ಯಾರ ಬಾಯಲ್ಲಿಯೂ ಇಲ್ಲ.

ರಾಜಾಜಿನಗರದಿಂದ

ಯಾವ ಪದವೂ ಹುಟ್ಟಿದ ದಿನ ಯಾರ ಬಾಯಲ್ಲಿಯೂ ಇರಲಿಲ್ಲ.

ವಿಜಯನಗರದಿಂದ

ನಾನು ಫಿಸಿಯೋಥೆರಪಿಸ್ಟ್, ಊರು ಕಲಬುರಗಿ. ನಮ್ಮ ಕಡೆ ಪೊಲೀಸ್ ಪ್ರಕಟಣೆಗಳಲ್ಲಿ ‘ರಕ್ತಗಾಯ’, ‘ಗುಪ್ತಗಾಯ’ ಎಂಬ ಜೋಡಿ ದಿನವೂ ಕಾಣುತ್ತದೆ. ಅರ್ಥ ಸ್ಪಷ್ಟ, ಆದರೆ ಠಾಣೆಯ ವಾಸನೆ. ಮೇಡಂ, ‘ಒಳಪೆಟ್ಟು’ ಬರೆಯಲು ನೀವು ಹೆದರಿದ್ದು ಸರಿ. ಹೊಟ್ಟೆಯೊಳಗಿನ ಅಂಗಕ್ಕೆ ಆದ ಏಟನ್ನೂ ಜನ ಒಳಪೆಟ್ಟು ಎನ್ನುತ್ತಾರೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ, ಆಸ್ಪತ್ರೆಗೇ ಓಡಬೇಕು. ಎರಡನ್ನೂ ಒಂದೇ ಪದದಲ್ಲಿ ಕಟ್ಟಿದರೆ ಯಾರಾದರೂ ಹೊಟ್ಟೆಯ ಪೆಟ್ಟಿಗೆ ಐಸ್ ಇಟ್ಟು ಮನೆಯಲ್ಲಿ ಕುಳಿತಾರು.

ಬಣ್ಣದ ವಿಷಯ ಬಂದದ್ದರಿಂದ ಹೇಳುತ್ತೇನೆ. ಪೆಟ್ಟು ಮೊದಲು ಕೆಂಪು, ಒಂದೆರಡು ದಿನದಲ್ಲಿ ನೀಲಿ ಅಥವಾ ನೇರಳೆ, ಆಮೇಲೆ ಹಸಿರು, ಹಳದಿ. ನಿಂತ ರಕ್ತದ ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್ ಆದಾಗ ಹಸಿರು, ಅದು ಬಿಲಿರುಬಿನ್ ಆದಾಗ ಹಳದಿ. ಕಂದು ಬಣ್ಣ ಬರುವುದು ಕೊನೆಯಲ್ಲಿ. ಸಾಮಾನ್ಯವಾಗಿ ಎರಡು ವಾರದಲ್ಲಿ ಮಾಸುತ್ತದೆ. ಹಾಗಾಗಿ ‘ಕಂದು’ ಎಂದು ನಾಮಪದವಾಗಿ ಬರೆದರೆ ಆಗತಾನೆ ಪೆಟ್ಟು ತಿಂದ ಹುಡುಗನ ಕೆಂಪು ತೊಡೆ ನೋಡಿ ‘ಇದು ಅದಲ್ಲ’ ಎಂದುಕೊಳ್ಳುತ್ತಾರೆ.

ನನಗೆ ಪದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಉಜ್ಜಬಾರದು. ನಮ್ಮ ಮನೆಗಳಲ್ಲಿ ಪೆಟ್ಟು ಬಿದ್ದ ತಕ್ಷಣ ಎಣ್ಣೆ ಬಿಸಿ ಮಾಡುತ್ತಾರೆ, ಉಪ್ಪಿನ ಗಂಟಿನಿಂದ ಶಾಖ ಕೊಡುತ್ತಾರೆ, ಅಜ್ಜಿ ಪ್ರೀತಿಯಿಂದ ಬಲವಾಗಿ ಉಜ್ಜುತ್ತಾರೆ. ಮೊದಲ 48 ಗಂಟೆ ಶಾಖವೂ ಬೇಡ, ಉಜ್ಜುವುದೂ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ತೊಡೆಯ ಸ್ನಾಯುವಿಗೆ ಜೋರಾದ ಪೆಟ್ಟು ಬಿದ್ದಾಗ ಹೀಗೆ ಉಜ್ಜಿದರೆ ಕೆಲವೊಮ್ಮೆ ಸ್ನಾಯುವಿನೊಳಗೇ ಮೂಳೆ ಬೆಳೆಯುವುದುಂಟು. ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಬೇಕು, ಬರಿಯ ಐಸ್ ಚರ್ಮವನ್ನು ಸುಡುತ್ತದೆ. ಅಂದಹಾಗೆ, 1978ರಲ್ಲಿ ‘ರೈಸ್’ ಸೂತ್ರ ಕೊಟ್ಟ ವೈದ್ಯ ಗೇಬ್ ಮಿರ್ಕಿನ್ ಅವರೇ ಐಸ್ ವಾಸಿಯಾಗುವುದನ್ನು ನಿಧಾನ ಮಾಡಬಹುದು ಎಂದು ಮುಂದೆ ಹೇಳಿದರು. ನೋವು ತಗ್ಗಲು ಇಡಿ, ಗಂಟೆಗಟ್ಟಲೆ ಬೇಡ.

ರಾಜಾಜಿನಗರದಿಂದ

ಫಲಕದಲ್ಲಿ ‘ಐಸ್’ ಬೇಡ. ‘ಮಂಜುಗಡ್ಡೆ’ ಇದೆ.

ವಿಜಯನಗರದಿಂದ

ಮಗು ಅಳುತ್ತಿರುವಾಗ ಓಡಿಹೋಗಿ ಅಂಗಡಿಯಲ್ಲಿ ಕೇಳುವ ಪದ ಐಸ್. ಫಲಕದಲ್ಲಿಯೂ ಅದೇ ಇರಬೇಕು.

ರಾಜಾಜಿನಗರದಿಂದ

ಹೀಗೆ ಒಂದೊಂದೇ ಪದ ಬಿಟ್ಟುಕೊಡುತ್ತಾ ಹೋಗಿದ್ದರಿಂದಲೇ ಈ ಊರಿನ ಅಂಗಡಿ ಫಲಕಗಳು ಕನ್ನಡ ಲಿಪಿಯ ಇಂಗ್ಲಿಷ್ ಆಗಿವೆ. ನನ್ನ ಅಸಮ್ಮತಿ ದಾಖಲಾಗಿರಲಿ. ಆದರೆ ನಾಮಪದದ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ನಾನೇ ಕಂದು ಕ್ರಿಯಾಪದ ಎಂದು ಬರೆದು, ಮರುಗಳಿಗೆಯಲ್ಲಿ ಅದನ್ನು ಏಟಿಗೆ ಕಟ್ಟಿದೆ. ಅದು ತಪ್ಪು. ಇಂಗ್ಲಿಷಿನ ನಾಮಪದಕ್ಕೆ ನಾಮಪದವನ್ನೇ ಹುಡುಕುವುದು ಏಕೆ? ತರಚು, ಉಳುಕು, ಊದು, ಜಜ್ಜು, ಕಂದು: ಮೈಗೆ ಆಗುವ ನೋವನ್ನೆಲ್ಲ ಕನ್ನಡ ಕ್ರಿಯೆಯಾಗಿಯೇ ಹೇಳುತ್ತದೆ. ಮೇಡಂ, ಐದೂ ಸಾಲುಗಳನ್ನು ‘-ದರೆ’ ರೂಪಕ್ಕೆ ತಿರುಗಿಸಿ. ‘ಕೊಯ್ದುಕೊಂಡರೆ’, ‘ತರಚಿದರೆ’, ‘ಉಳುಕಿದರೆ’, ‘ಮೂಗಿನಿಂದ ರಕ್ತ ಬಂದರೆ’, ‘ಪೆಟ್ಟು ಬಿದ್ದು ಕಂದಿದರೆ’. ಗಾಯ ಎಂಬ ಪದ ತಾನಾಗಿಯೇ ಬಿದ್ದುಹೋಗುತ್ತದೆ.

ಮಲ್ಲೇಶ್ವರದಿಂದ

‘-ದರೆ’ ಸರಿ. ಆದರೆ ‘ಊದಿ’ ಸೇರಿಸಿ. ಸ್ನಾಯುವಿನ ಆಳದ ಪೆಟ್ಟು ಎಷ್ಟೋ ಸಲ ಚರ್ಮಕ್ಕೆ ಬಣ್ಣ ತರುವುದೇ ಇಲ್ಲ. ಮೂಗೇಟನ್ನು ನಾನು ಬಿಟ್ಟುಕೊಟ್ಟಿಲ್ಲ.

ಹನುಮಂತನಗರದಿಂದ, ಬುಧವಾರ ಬೆಳಿಗ್ಗೆ 9.20

ಎಲ್ಲರಿಗೂ ವಂದನೆ. ರಾತ್ರಿ ಕುಳಿತು ಐದೂ ಸಾಲು ತಿರುಗಿಸಿದೆ. ಮೊದಲಕ್ಷರದ ಸೂತ್ರವನ್ನು ಬಿಟ್ಟೆ. ಐದನೆಯ ಸಾಲು ಹೀಗಿದೆ:

‘ಪೆಟ್ಟು ಬಿದ್ದು ಊದಿದರೆ, ಕಂದಿದರೆ: ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, 20 ನಿಮಿಷ ಮೀರಬೇಡಿ. ಅಗಲವಾದ ಪಟ್ಟಿಯನ್ನು ಹಗುರವಾಗಿ ಸುತ್ತಿ. ಕೈಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಿ. ಎರಡು ದಿನ ಉಜ್ಜಬೇಡಿ, ಶಾಖ ಕೊಡಬೇಡಿ. ತಲೆಗೆ, ಕಣ್ಣಿಗೆ ಅಥವಾ ಹೊಟ್ಟೆಗೆ ಪೆಟ್ಟು ಬಿದ್ದಿದ್ದರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ.’

ಫಲಕದ ಅಗಲ 4 ಅಡಿ. ವಿಜಯನಗರದ ಸರ್, ‘ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು’ ಎಂಬುದನ್ನೂ ಕೊನೆಯಲ್ಲಿ ಸೇರಿಸಬೇಕೇ? ಬೆಳಿಗ್ಗೆ ಅದೇ ಮೈದಾನದಲ್ಲಿ ಹಿರಿಯರು ನಡೆಯುತ್ತಾರೆ. 10ರೊಳಗೆ ತಿಳಿಸಿದರೆ ಜಾಗ ಬಿಡಿಸುತ್ತೇನೆ.

ವಿಜಯನಗರದಿಂದ, 9.31

ಸೇರಿಸಲೇಬೇಕು. ಅವರಿಗೆ ಸಣ್ಣ ಪೆಟ್ಟೂ ದೊಡ್ಡದಾಗುತ್ತದೆ.